ಕೊಡಗಿನ ಕೋವಿ ಮತ್ತು ಮಳೆಗಾಲದ ತುಕ್ಕು

ಕೊಡಗಿನಲ್ಲಿ ಕೋವಿಗೆ ತುಕ್ಕು ಹಿಡಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಅದನ್ನು ಉಜ್ಜಿ ಒರೆಸುವ ಸಂಪ್ರದಾಯ ಮಾತ್ರ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ್ದು. ಗದ್ದೆ ಕೆಲಸದ ತಿಂಗಳುಗಳಲ್ಲಿ ಆಯುಧ ಮುಟ್ಟದೆ ದೇವರ ಕೋಣೆಯಲ್ಲಿಟ್ಟು, ನಾಟಿ ಮುಗಿದ ಮೇಲೆ ಹೊರತೆಗೆದು ಪೂಜಿಸುವುದು ಹಳೆಯ ಪದ್ಧತಿ. ಬೇಸಾಯದ ಲೆಕ್ಕಕ್ಕೆ ಇದು ಸರಿಯಾಗಿಯೇ ಇದೆ. ಕಬ್ಬಿಣದ ಲೆಕ್ಕಕ್ಕೆ ಮೂರು ತಿಂಗಳು ತಡ.

ಈ ಕೋವಿಗಳ ಸಂಖ್ಯೆ ಸಣ್ಣದಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ವಿನಾಯಿತಿ 1959ರ ಆಯುಧ ಕಾಯ್ದೆಯ ಅಡಿಯಲ್ಲೂ ಮುಂದುವರಿದಿದೆ. ಹಾಗಾಗಿ ಕೊಡವರು ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನೆಯ ಆಚರಣೆಗಳಿಗೂ ಕೋವಿ ಬೇಕು: ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿ ಹಬ್ಬವಾದ ಪುತ್ತರಿಯ ಕದಿರು ಕೊಯ್ಯುವಾಗ ಒಂದು. ಅಜ್ಜನ ಕಾಲದ ನಳಿಗೆ ಮೊಮ್ಮಗನ ಕೈಗೆ ಬರಬೇಕಾದ ಮನೆಗಳಿವು. ಆದ್ದರಿಂದ ಇಲ್ಲಿ ತುಕ್ಕಿನ ಮಾತು ವಂಶದ ಆಸ್ತಿಯ ಮಾತೂ ಹೌದು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ನೀರು ಸುರಿಯಲೇಬೇಕೆಂದಿಲ್ಲ, ಗಾಳಿಯ ತೇವಾಂಶ ಶೇ 60ರ ಆಸುಪಾಸು ದಾಟಿದರೆ ಕಣ್ಣಿಗೆ ಕಾಣದ ನೀರಿನ ಪದರ ಲೋಹದ ಮೇಲೆ ಕೂರುತ್ತದೆ. ಮಡಿಕೇರಿ, ಭಾಗಮಂಡಲಗಳ ಆಷಾಢದಲ್ಲಿ ಆ ಮಿತಿಗಿಂತ ಕೆಳಗಿಳಿಯುವ ದಿನವೇ ಅಪರೂಪ. ಉಪ್ಪು ಸೇರಿದರೆ ಕೆಲಸ ಇನ್ನೂ ವೇಗ. ಕಾಸರಗೋಡಿನ ಕರಾವಳಿಯಲ್ಲಿ ಉಪ್ಪು ಗಾಳಿಯಿಂದಲೇ ಬರುತ್ತದೆ. ಕೊಡಗಿನಲ್ಲಿ ಅದು ಬರುವುದು ನಳಿಗೆಯ ಒಳಗಿನಿಂದ.

ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಹಳೆಯ ಕೇಪಿನ ಕೋವಿಗೆ ಹಾಕುವ ಕರಿಮದ್ದು ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದದ್ದು ಇದ್ದಿಲು, ಗಂಧಕ. ಅದು ಸುಟ್ಟ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿದ್ದು, ಅವು ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಹಳೆಯ ಬಗೆಯ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಅದು ಸಿಡಿದು ಕ್ಲೋರೈಡ್ ಆಗುತ್ತದೆ, ಅಂದರೆ ಅಡುಗೆ ಉಪ್ಪಿನ ದಾಯಾದಿ. ಇವು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತವೆ. ‘ಕೋವಿಗೆ ನೀರು ಸೋಕಿಸಬಾರದು’ ಎಂಬ ನಂಬಿಕೆಯಿಂದ ಆಗಿರುವ ಹಾನಿ ಮಳೆಯಿಂದಾದ ಹಾನಿಗಿಂತ ಕಡಿಮೆಯೇನಲ್ಲ. ಮಸಿಯ ಮೇಲೆ ಎಣ್ಣೆ ಸವರಿದರೆ ಉಪ್ಪು ಎಣ್ಣೆಯ ಅಡಿಯಲ್ಲಿ ಭದ್ರವಾಗಿ ಕುಳಿತು ಉಕ್ಕನ್ನು ತಿನ್ನುತ್ತದೆ.

ಗುಂಡು ಹಾರಿಸಿದ ದಿನವೇ, ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆ ಬಿಚ್ಚಿ ತೊಳೆಯುವುದು ಸರಿಯಾದ ಕ್ರಮ. ಕೇಪಿನ ಕೋವಿಯಾದರೆ ನಳಿಗೆಯ ಬುಡವನ್ನು ಬಿಸಿ ಸಾಬೂನು ನೀರಿನ ಬಕೆಟ್ಟಿನಲ್ಲಿಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಬೇಕು. ಕೇಪು ಕೂರುವ ತೂತಿನಿಂದ ನೀರು ಒಳಗೆ ಬಂದು ಹೊರಗೆ ಚಿಮ್ಮುತ್ತದೆ. ಮೊದಲು ಇದ್ದಿಲಿನಂತೆ ಕಪ್ಪಾಗಿ, ಆಮೇಲೆ ಬೂದಿಬಣ್ಣವಾಗಿ, ಕೊನೆಗೆ ತಿಳಿಯಾಗಿ. ಕಡೆಯ ಸಲ ಕುದಿನೀರು ಹೊಯ್ದರೆ ನಳಿಗೆ ತನ್ನ ಬಿಸಿಗೆ ತಾನೇ ಒಣಗುತ್ತದೆ. ಬಳಿಕ ತೆಳುವಾಗಿ ಎಣ್ಣೆ. ಮರುದಿನ ಬಿಳಿ ಬಟ್ಟೆ ತೂರಿಸಿ, ಅದು ಕಂದಾದರೆ ಮತ್ತೆ ಮೊದಲಿನಿಂದ. ಹೊಗೆರಹಿತ ಮದ್ದಿನ ಈಗಿನ ತೋಟಾಗಳಿಗೆ ಇಷ್ಟು ನೀರಿನ ಕೆಲಸ ಬೇಕಿಲ್ಲ, ಬ್ರಷ್ಷು ಮತ್ತು ಎಣ್ಣೆ ಸಾಕು.

ಎಣ್ಣೆಯ ಆಯ್ಕೆಯಲ್ಲೂ ರೂಢಿ ಎಡವಿದೆ. ಮನೆಯಲ್ಲಿ ಸಿಗುವುದು ತೆಂಗಿನೆಣ್ಣೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಜುಲೈಯಲ್ಲಿ ಮಡಿಕೇರಿಯ ಹಗಲೂ ಅದಕ್ಕಿಂತ ತಣ್ಣಗಿರುತ್ತದೆ. ಕೋವಿಯ ಕುದುರೆಯ ಸಂದಿನಲ್ಲಿ ಹೆಪ್ಪುಗಟ್ಟಿ, ದಿನ ಕಳೆದಂತೆ ಕಮಟಿ, ಆಮ್ಲ ಬಿಡುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯಲು ಒಳ್ಳೆಯದು, ಆದರೆ ಆರಿದ ಮೇಲೆ ಅದರ ರಕ್ಷಣೆ ಏನೂ ಉಳಿಯುವುದಿಲ್ಲ. ಖನಿಜ ತೈಲವೇ ಬೇಕು. ಹೊಲಿಗೆ ಯಂತ್ರದ ಎಣ್ಣೆಯಾದರೂ ಆದೀತು. ಇಡೀ ಮಳೆಗಾಲ ಮುಟ್ಟದೆ ಇಡುವುದಾದರೆ ಹೊರಮೈಗೆ ತೆಳುವಾಗಿ ಗ್ರೀಸು.

ಹಿಡಿದ ತುಕ್ಕನ್ನು ತೆಗೆಯುವಾಗ ಆತುರವೇ ಶತ್ರು. ಹಬ್ಬದ ಮುನ್ನಾದಿನ ದೀಪದ ಕಂಬಕ್ಕೆ ಹಚ್ಚಿದ ಹುಣಸೆಹಣ್ಣೇ ಕೋವಿಗೂ ಬಂದರೆ ಕೆಲಸ ಕೆಡುತ್ತದೆ. ನಳಿಗೆಯ ನೀಲಿಗಪ್ಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ಆದರೆ ಬಿಗಿಯಾಗಿ ಅಂಟಿ ಕಾಯುವಂಥದ್ದು. ಹುಣಸೆ, ನಿಂಬೆಗಳ ಹುಳಿ ಕೆಂಪು ತುಕ್ಕಿನ ಜೊತೆಗೆ ಅದನ್ನೂ ಕರಗಿಸುತ್ತದೆ. ಮರಳು ಕಾಗದ, ಇಟ್ಟಿಗೆ ಪುಡಿ ಅದನ್ನು ಕೆರೆದೇ ಹಾಕುತ್ತವೆ. ಅಂದು ಬೆಳ್ಳಗೆ ಹೊಳೆದ ನಳಿಗೆ ಮುಂದಿನ ಮಳೆಗೆ ಬರಿಮೈಯಲ್ಲಿ ನಿಲ್ಲುತ್ತದೆ. ತುಕ್ಕಿಗೆ ತೆಳು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಅತಿ ನವುರಾದ ಸ್ಟೀಲ್ ವುಲ್‌ನಿಂದ ಎಣ್ಣೆಯ ಜೊತೆಗೇ ಹಗುರವಾಗಿ ಉಜ್ಜಿದರೆ ಕೆಂಪು ಹೋಗಿ ಕಪ್ಪು ಉಳಿಯುತ್ತದೆ.

ಪೂಜೆಯ ಬಗ್ಗೆಯೂ ಒಂದು ಮಾತು ಅಗತ್ಯ. ಗಂಧದ ಬೊಟ್ಟು ನೀರಿನಲ್ಲಿ ತೇದದ್ದು, ನಳಿಗೆಯ ಬಾಯಿಗೆ ಸಿಕ್ಕಿಸುವ ತೋಕ್ ಪೂ ಹಸಿ ಹೂವು. ಎರಡನ್ನೂ ವಾರಗಟ್ಟಲೆ ಹಾಗೇ ಬಿಟ್ಟರೆ ಬೊಟ್ಟಿನ ಅಡಿಯಲ್ಲಿ ದುಂಡನೆಯ ತುಕ್ಕಿನ ಗುರುತು ಮೂಡುತ್ತದೆ. ಪೂಜೆ ಆದ ಸಂಜೆ ಒರೆಸಿ ಎಣ್ಣೆ ಹಚ್ಚಿದರೆ ಆಚರಣೆಗೆ ಊನವಿಲ್ಲ.

ಇಡುವ ಜಾಗಕ್ಕೆ ಬಂದರೆ, ತೊಗಲಿನ ಚೀಲ ಹೆಸರಿಗೆ ರಕ್ಷಣೆ, ವಾಸ್ತವದಲ್ಲಿ ತೇವದ ಗೂಡು. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟೀತೆಂದು ನಳಿಗೆಯ ಬಾಯಿಗೆ ಬಟ್ಟೆ ತುರುಕುವುದೂ ತಪ್ಪು. ಬಟ್ಟೆ ನೀರು ಹೀರುತ್ತದೆ, ಮರೆತು ಗುಂಡು ಹಾರಿಸಿದರೆ ನಳಿಗೆ ಸೀಳುತ್ತದೆ. ಗೋಡೆಗೆ ತಾಗದಂತೆ, ಬಾಯಿ ಕೆಳಗಾಗಿ, ಗಾಳಿಯಾಡುವ ಬೀಗದ ಕಪಾಟಿನಲ್ಲಿಟ್ಟರೆ ಎಣ್ಣೆ ಹಿಡಿಯ ಮರಕ್ಕೂ ಇಳಿಯುವುದಿಲ್ಲ. ವಿನಾಯಿತಿಯ ಬದಲು ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಕೋವಿ ಇಟ್ಟವರಿಗೆ ಇನ್ನೊಂದು ತೊಡಕು: ಚುನಾವಣೆಗೆ ಠಾಣೆಗೊಪ್ಪಿಸಿದ ಕೋವಿ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ ಮೊದಲ ವಾರ ಮುಗಿಯಿತು. ಅಷ್ಟು ದಿನ ಯಾರೂ ಒರೆಸದ ಕೋವಿ ಮನೆಗೆ ಮರಳುವುದು ಮುಂಗಾರಿನ ಜೊತೆಯಲ್ಲೇ. ಒಪ್ಪಿಸುವ ಮುನ್ನ ದಪ್ಪಗೆ ಎಣ್ಣೆ, ತಂದ ದಿನವೇ ಪೂರ್ತಿ ಶುಚಿ, ಇವೆರಡೇ ಮಾಲೀಕರ ಕೈಯಲ್ಲಿರುವ ಉಪಾಯ.

ನಳಿಗೆಯ ಒಳಗೆ ತುಕ್ಕು ಗುಂಡಿ ತೋಡಿದ್ದರೆ ಯಾವ ಎಣ್ಣೆಯೂ ಅದನ್ನು ತುಂಬದು. ಬೆಳಕಿಗೆ ಹಿಡಿದು ನೋಡಿದಾಗ ಕಪ್ಪು ಚುಕ್ಕೆಗಳು ಕಂಡರೆ ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತೋರಿಸುವವರೆಗೆ ಗುಂಡು ಹಾರಿಸಬಾರದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದ ಹಳೆಯ ನಳಿಗೆಗಳಲ್ಲಿ ತುಕ್ಕು ಬೆಸುಗೆಯ ಒಳಗೇ ಇಳಿದಿರಬಹುದು, ಹೊರಗೆ ಕಾಣುವುದಿಲ್ಲ. ಅವುಗಳಿಗೆ ಈಗಿನ ತೋಟಾ ಹಾಕುವಂತಿಲ್ಲ. ಹಬ್ಬದ ದಿನ ಪೂಜೆಗೆ ಇಟ್ಟು, ಗುಂಡಿಗೆ ಬೇರೆ ಕೋವಿ ಬಳಸಬೇಕು.