ಹೊಲ ನಮ್ದು, ಬೋರ್‌ವೆಲ್ ಪಕ್ಕದವರದ್ದು

ನಮ್ಮ ಆಫೀಸಿನಲ್ಲಿ ಯಾರ ಸ್ಕ್ರೀನ್ ನೋಡಿದರೂ ವಿಎಸ್ ಕೋಡ್. ನಾನೂ ದಿನವಿಡೀ ಅದರ ಮುಂದೆಯೇ ಕೂತಿರ್ತೀನಿ. ಆದ್ದರಿಂದ ಇದು ದ್ವೇಷದ ಮಾತಲ್ಲ.

ಮೊದಲು ಒಳ್ಳೇದು ಹೇಳೋಣ. 2015ರಲ್ಲಿ ಮೈಕ್ರೋಸಾಫ್ಟ್ ಇದನ್ನು ಹೊರತಂದಾಗ ಒಂದು ಕಡೆ ಪಳಗೋಕೆ ತಿಂಗಳುಗಟ್ಟಲೆ ಬೇಕಾದ ವಿಮ್ ಇತ್ತು, ಇನ್ನೊಂದು ಕಡೆ ತೆರೆಯೋವಷ್ಟರಲ್ಲಿ ಕಾಫಿ ಕುಡಿದು ಬರಬಹುದಾದ ಎಕ್ಲಿಪ್ಸ್. ಇದು ನಡುವೆ ಬಂದು ಕೂತಿತು. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. 2016ರ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅಂತೂ ದೊಡ್ಡ ಉಪಕಾರ. ಒಂದು ಭಾಷೆಗೆ ಒಮ್ಮೆ ಸರ್ವರ್ ಬರೆದರೆ ಬೇರೆ ಎಡಿಟರುಗಳೂ ಅದನ್ನೇ ಬಳಸಬಹುದು. ಇವತ್ತು ನಿಯೋವಿಮ್‌ನವರೂ ಅದರ ಫಲ ಉಣ್ತಿದ್ದಾರೆ.

ಇನ್ನು ದೋಷ. ರ‍್ಯಾಮ್ ತಿನ್ನುತ್ತೆ ಅಂತ ಎಲ್ಲರೂ ಗೊಣಗ್ತಾರೆ. ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಒಳಗೆ ಕ್ರೋಮಿಯಂ ಬ್ರೌಸರೇ ಕೂತಿದೆ, ತಿನ್ನದೆ ಇನ್ನೇನು? ಅದು ಮೆಮೊರಿ ಹಾಕಿಸಿದರೆ ತೀರುವ ತಾಪತ್ರಯ. ದುಡ್ಡಿಗೆ ತೀರದ ದೋಷ ಬೇರೆ ಇದೆ.

ಇದು ಓಪನ್ ಸೋರ್ಸ್ ಅಂತ ಹೇಳ್ತೀವಿ. ಸೋರ್ಸ್ ಕೋಡ್ ಎಂಐಟಿ ಲೈಸೆನ್ಸಿನಲ್ಲಿದೆ, ನಿಜ. ಆದರೆ ನಾವು ಇಳಿಸಿಕೊಳ್ಳೋದು ಮೈಕ್ರೋಸಾಫ್ಟಿನ ಸ್ವಂತ ಲೈಸೆನ್ಸಿನ, ಟೆಲಿಮೆಟ್ರಿ ಸೇರಿಸಿದ ಪ್ಯಾಕೇಜ್. ಪೈಥಾನಿಗೆ ಬೇಕಾದ ಪೈಲಾನ್ಸ್, ದೂರದ ಸರ್ವರಿಗೆ ಬೇಕಾದ ರಿಮೋಟ್ ಎಸ್‌ಎಸ್‌ಎಚ್ ಎರಡರ ಕೋಡೂ ಮುಚ್ಚಿಟ್ಟಿದ್ದು. ಅದೇ ಸೋರ್ಸಿನಿಂದ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಂಡರೆ ಇವನ್ನು ಬಳಸೋಕೆ ಲೈಸೆನ್ಸ್ ಒಪ್ಪಲ್ಲ. ಮಾರ್ಕೆಟ್‌ಪ್ಲೇಸಿನ ನಿಯಮವೂ ಬಿಡಲ್ಲ. ಎಕ್ಸ್‌ಟೆನ್ಶನ್‌ಗೆ ಓಪನ್ ವಿಎಸ್‌ಎಕ್ಸ್ ಕಡೆ ಹೋಗಬೇಕು. ಹಳ್ಳಿಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥ ಆಗುತ್ತೆ. ಹೊಲ ನಿಂದೇ, ಉತ್ತುಕೋ ಅಂತಾರೆ. ಬೋರ್‌ವೆಲ್ ಸ್ವಿಚ್ ಮಾತ್ರ ಅವರ ಮನೇಲಿ.

ಸ್ವಿಚ್ ಆರಿಸಿದರೆ ಏನಾಗುತ್ತೆ ಅನ್ನೋದಕ್ಕೆ ಆಟಮ್ ನೋಡಿ. ಎಲೆಕ್ಟ್ರಾನ್ ಹುಟ್ಟಿದ್ದೇ ಗಿಟ್‌ಹಬ್‌ನ ಆ ಎಡಿಟರಿಗಾಗಿ. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ ಕೊಂಡಿತು. 2022ರ ಡಿಸೆಂಬರಿನಲ್ಲಿ ಆಟಮ್ ಕಥೆ ಮುಗಿಯಿತು. ಅದರಲ್ಲಿ ಕೈ ಪಳಗಿಸಿಕೊಂಡವರು ಗಂಟುಮೂಟೆ ಕಟ್ಟಬೇಕಾಯ್ತು.

ಹಾಗಂತ ವಿಎಸ್ ಕೋಡ್ ಬಿಡಿ ಅನ್ನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳಿದರೆ ಈಗಲೂ ಇದನ್ನೇ ಹೇಳ್ತೀನಿ. ಜೊತೆಗೆ ಬಿಲ್ಡ್, ಡಿಬಗ್, ಗಿಟ್ ಮೂರನ್ನೂ ಟರ್ಮಿನಲ್ಲಿನಲ್ಲಿ ಒಮ್ಮೆ ಕೈಯಾರೆ ಮಾಡಿ ಕಲಿತಿರಿ ಅಂತೀನಿ. ಬರೀ ವಿಐ ಇರೋ ಸರ್ವರಿನ ಮುಂದೆ ಕೂರಿಸಿದರೂ ನಿಮ್ಮ ಕೆಲಸ ನಿಲ್ಲಬಾರದು.