ಫೇಸ್ ಹಿಡಿದು ಸರಿಸುವ ವಿದ್ಯೆ

ಕ್ಯಾಡ್ ಕಲಿಸುವವರ ಬಾಯಲ್ಲಿ ಡೈರೆಕ್ಟ್ ಎಡಿಟಿಂಗ್‌ಗೆ ಒಳ್ಳೆಯ ಹೆಸರಿಲ್ಲ. ಸ್ಕೆಚ್‌ಗೆ ಅಳತೆ ಕೊಟ್ಟು, ಒಂದರ ಮೇಲೊಂದು ಫೀಚರ್ ಏರಿಸಿ, ಟ್ರೀ ಕಟ್ಟಿದರೆ ಮಾತ್ರ ಅದು ಮಾಡೆಲ್. ಇದ್ದ ಆಕಾರದ ಫೇಸ್ ಹಿಡಿದು ನೇರವಾಗಿ ಎಳೆಯುವುದು ಕೆಲಸ ಬಾರದವನ ಅಡ್ಡದಾರಿ. ಡಿಪ್ಲೊಮಾ ಮುಗಿಸಿ ಬರುವ ಹುಡುಗರು ಈ ತೀರ್ಪನ್ನು ತಲೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ. ತೀರ್ಪು ತಪ್ಪು. ಕೊಪ್ಪಳ ಸೀಮೆಯ ಮಟ್ಟಿಗಂತೂ ಪೂರಾ ತಪ್ಪು.

ಹಿನ್ನೆಲೆ ಬಲ್ಲವರಿಗೆ ಎರಡು ಮಾತು ಸಾಕು. 1980ರ ದಶಕದ ಕೊನೆಗೆ ಪ್ರೊ-ಎಂಜಿನಿಯರ್ ಬಂದು ಟ್ರೀ ಪದ್ಧತಿ ಗೆದ್ದಿತು, 1995ರಲ್ಲಿ ಸಾಲಿಡ್‌ವರ್ಕ್ಸ್ ಅದನ್ನು ಸಣ್ಣ ಕಚೇರಿಗಳಿಗೂ ತಂದಿತು. ಆ ಎರಡನ್ನೂ ತಂದ ಕಂಪನಿಗಳನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕ್ ಪೇನ್ ಮುಂದೆ ಟ್ರೀಯೇ ಇಲ್ಲದ ಸ್ಪೇಸ್‌ಕ್ಲೇಮ್ ಕಟ್ಟಿದರು; ಅದು 2007ರಲ್ಲಿ ಹೊರಬಂತು. ಟ್ರೀಯ ಒಳಹೊರಗು ಬಲ್ಲವರೇ ಹೀಗೆ ಮಾಡಿದ್ದು ಏಕೆಂದು ನಮ್ಮ ತರಗತಿಗಳಲ್ಲಿ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಕೆಲಸ ಹೇಗೆ ಬರುತ್ತದೆ ನೋಡಿ. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲಿನಿಂದ ಒಡೆದ ಭಾಗವೇ ವರ್ಕ್‌ಶಾಪಿಗೆ ಬರುತ್ತದೆ, ಡ್ರಾಯಿಂಗ್ ಬರುವುದಿಲ್ಲ. ಕುಷ್ಟಗಿ ಕಡೆಯ ಗ್ರಾನೈಟ್ ಯಂತ್ರಗಳದ್ದೂ ಅದೇ ಪಾಡು. ಫೈಲ್ ಬಂದರೂ ಬಹುಮಟ್ಟಿಗೆ ಸ್ಟೆಪ್ ಫೈಲ್: ಆಕಾರವಿದೆ, ಅದು ಹೇಗೆ ಹುಟ್ಟಿತೆಂಬ ಟ್ರೀ ಇಲ್ಲ. ಇಲ್ಲದ ಟ್ರೀಯನ್ನು ತಿದ್ದಿ ಎಂದು ಹೇಳುವ ಪಾಠ ಇಲ್ಲಿ ಯಾರ ಹೊಟ್ಟೆ ತುಂಬಿಸುತ್ತದೆ?

ಒಂದು ಬೇರಿಂಗ್ ಹೌಸಿಂಗ್ ತೆಗೆದುಕೊಳ್ಳೋಣ. ಬೀಡು ಕಬ್ಬಿಣದ ಎರಕ, ಒಳಗೆ 6205 ಬೇರಿಂಗ್. ಶಾಫ್ಟ್ ಪದೇ ಪದೇ ತುಂಡಾಗುತ್ತಿದೆ, 25 ಮಿ.ಮೀ. ಇದ್ದದ್ದನ್ನು 30 ಮಾಡಬೇಕು, ಅಂದರೆ 6206 ಕೂರಿಸಬೇಕು. ಬೇರಿಂಗಿನ ಹೊರವ್ಯಾಸ 52ರಿಂದ 62ಕ್ಕೆ ಹೋಗುತ್ತದೆ, ಅಗಲ 15ರಿಂದ 16ಕ್ಕೆ. ಬೋರಿನ ಫೇಸ್ ಹಿಡಿದು 5 ಮಿ.ಮೀ. ಹೊರಗೆ ತಳ್ಳಿದರೆ ಬೋರ್ ತಯಾರು. ಕೂರುವ ಮೆಟ್ಟಿಲನ್ನು 1 ಮಿ.ಮೀ. ಹಿಂದೆ ಸರಿಸಿದರೆ ಆಳವೂ ತಯಾರು. ಆದರೆ ಹೊರಗಿನ ಬಾಸ್ 72 ಇದ್ದರೆ 10 ಮಿ.ಮೀ. ಇದ್ದ ಗೋಡೆ ಈಗ 5ಕ್ಕೆ ಇಳಿಯಿತು. ಬಾಸನ್ನೂ, ಅದರಿಂದ ಬುಡಕ್ಕೆ ಇಳಿಯುವ ಪಕ್ಕದ ಗೋಡೆಗಳನ್ನೂ ಅಷ್ಟೇ ಹೊರಗೆ ತಳ್ಳಬೇಕು. ತಳ್ಳಿದಿರಿ, ಗೋಡೆಯ ಬುಡದಲ್ಲಿದ್ದ 5 ಮಿ.ಮೀ. ಫಿಲೆಟ್ ತಾನಾಗಿ ಜೊತೆಗೆ ಸರಿಯಿತು. ಪರದೆಯ ಮೇಲೆ ಒಂದು ಕೆಂಪು ಗುರುತೂ ಇಲ್ಲ.

ಈಗ ಬೋಲ್ಟ್ ನೋಡಿ. ಮಧ್ಯದಿಂದ 55 ಮಿ.ಮೀ. ದೂರಕ್ಕೆ ಎಂ12 ಬೋಲ್ಟಿನ ತೂತು, ಅದರ ವಾಷರ್ 24 ವ್ಯಾಸದ್ದು. ವಾಷರಿನ ಒಳಅಂಚು 43ರಲ್ಲಿದೆ. ಹಳೆಯ ಹೌಸಿಂಗಿನಲ್ಲಿ ಫಿಲೆಟ್ 41ಕ್ಕೆ ಮುಗಿಯುತ್ತಿತ್ತು, ಈಗ 46ರವರೆಗೆ ಬಂದಿದೆ. ವಾಷರ್ ಓರೆಯ ಮೇಲೆ ಹತ್ತಿ ಕೂರುತ್ತದೆ, ಬೋಲ್ಟ್ ಬಿಗಿಯುವಾಗ ಬಾಗುತ್ತದೆ. ಮಿಲ್ಲಿನ ಫ್ರೇಮಿನಲ್ಲಿ ತೂತು ಆಗಲೇ ಕೊರೆದಿದೆ, ಆಚೆ ಸರಿಸುವಂತಿಲ್ಲ. ಫಿಲೆಟನ್ನು 1ಕ್ಕೋ 2ಕ್ಕೋ ಇಳಿಸಿದರೆ ಎರಕದಲ್ಲಿ ಚೂಪು ಮೂಲೆ ಉಳಿದು ಬಿರುಕಿಗೆ ದಾರಿಯಾಗುತ್ತದೆ. ಉಳಿದದ್ದು ವಾಷರಿನ ಜಾಗದಲ್ಲಿ ಸ್ಪಾಟ್ ಫೇಸ್ ಹೊಡೆಯುವುದು. ಈ ತೀರ್ಮಾನವನ್ನು ಸಾಫ್ಟ್‌ವೇರ್ ಮಾಡಲಿಲ್ಲ; ಆಕಾರದ ಸುತ್ತ ಕಣ್ಣಾಡಿಸಿದವನು ಮಾಡಿದ.

ಟ್ರೀ ಪಕ್ಷದವರು ಇಲ್ಲೇ ಎದ್ದು ನಿಲ್ಲುತ್ತಾರೆ: ನೋಡಿ, ನಿಮ್ಮ ವಿಧಾನಕ್ಕೆ ವಿನ್ಯಾಸದ ಉದ್ದೇಶ ಗೊತ್ತಿಲ್ಲ, ಟ್ರೀಯಲ್ಲಿ ಅದು ದಾಖಲಾಗಿರುತ್ತದೆ. ಎಷ್ಟೋ ವರ್ಷಗಳಿಂದ ಕೇಳಿಬರುತ್ತಿರುವ ಈ ವಾದಕ್ಕೆ ಬುಡವಿಲ್ಲ. ಟ್ರೀಯಲ್ಲಿ ದಾಖಲಾಗುವುದು ಮಾಡೆಲ್ ಮಾಡಿದವನು ಕೆಲಸ ಮಾಡಿದ ಕ್ರಮ. 52 ಎಂಬ ಅಳತೆ ಅಲ್ಲಿರುತ್ತದೆ, ಅದು 6205 ಬೇರಿಂಗಿಗಾಗಿ ಎಂಬುದು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಇರುತ್ತದೆ. ಅದೇ ಹೌಸಿಂಗನ್ನು ಟ್ರೀಯಲ್ಲಿ ತಿದ್ದಿದರೂ 72ರ ಜಾಗದಲ್ಲಿ 82 ತೆಪ್ಪಗೆ ಕೂರುತ್ತದೆ, ವಾಷರ್ ಅಲ್ಲೂ ಫಿಲೆಟ್ ಹತ್ತುತ್ತದೆ. ಮೇಲಾಗಿ, ಬೇರೊಬ್ಬರು ಕಟ್ಟಿದ ಟ್ರೀಯ ಬುಡದ ಸ್ಕೆಚ್ ಮುಟ್ಟಿ, ಕೆಳಗಿನ ಫಿಲೆಟ್‌ಗಳೆಲ್ಲ ತಮ್ಮ ಅಂಚು ಕಳೆದುಕೊಂಡು ಕೆಂಪಾದದ್ದನ್ನು ನೋಡದ ಡ್ರಾಫ್ಟ್ಸ್‌ಮನ್ ಇದ್ದಾನೆಯೇ? ಒಂದೇ ಪುಲ್ಲಿಯನ್ನು ಹತ್ತು ಸೈಜಿನಲ್ಲಿ ಮಾಡುವಾಗ ಟ್ರೀ ಬೇಕು, ಅಲ್ಲಿ ಅದೇ ಮೇಲು. ಒಪ್ಪಿದೆ. ಅಷ್ಟರಿಂದ ಉಳಿದೆಲ್ಲ ಕೆಲಸಕ್ಕೂ ಅದೇ ಶಾಸ್ತ್ರವೆಂದು ವಿಧಿಸುವುದು ನ್ಯಾಯವಲ್ಲ.

ಇನ್ನೊಂದು ದಿಕ್ಕಿನ ಹೊಗಳಿಕೆಯೂ ಇಷ್ಟೇ ಹಾನಿ ಮಾಡಿದೆ. 2008ರಲ್ಲಿ ಸೀಮೆನ್ಸ್ ಸಿಂಕ್ರೊನಸ್ ಟೆಕ್ನಾಲಜಿ ತಂದಾಗ, ಒಂದೇ ಮಟ್ಟದಲ್ಲಿರುವ, ಒಂದೇ ಕೇಂದ್ರವಿರುವ ಫೇಸ್‌ಗಳನ್ನು ಸಾಫ್ಟ್‌ವೇರೇ ಗುರುತಿಸಿ ಜೊತೆಯಾಗಿ ಸರಿಸುತ್ತದೆ ಎಂಬುದಕ್ಕೆ ಬಹಳ ಮೆಚ್ಚುಗೆ ಸಿಕ್ಕಿತು. ಹೌಸಿಂಗಿನ ಎರಡು ಪಾದಗಳ ತಳ ಒಂದೇ ಮಟ್ಟದಲ್ಲಿರುವುದು ಅಗತ್ಯಕ್ಕೆ. ಬಾಸಿನ ಮುಂಭಾಗವೂ ಪಕ್ಕದ ರಿಬ್ಬಿನ ತುದಿಯೂ ಒಂದೇ ಮಟ್ಟದಲ್ಲಿರುವುದು ಆಕಸ್ಮಿಕವಿರಬಹುದು. ಎರಡರ ವ್ಯತ್ಯಾಸ ಸಾಫ್ಟ್‌ವೇರಿಗೆ ತಿಳಿಯದು. ಮಣ್ಣು ತಿದ್ದಿದಷ್ಟು ಸುಲಭ, ಯಾರು ಬೇಕಾದರೂ ಮಾಡಬಹುದು ಎಂದು ಮಾರುವವರು ಹೇಳಿದ್ದು ಸುಳ್ಳು. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಯ ಮೇಲೆ ಹುಣಸೆಬೀಜದ ಅಂಟಿನ ಕಿಟ್ಟ ಮೆತ್ತಿ ರೂಪ ತಿದ್ದುತ್ತಾರೆ. ಒಳಗಿನ ಮರದ ತುಂಡುಗಳು ಎಲ್ಲಿ ಕೂಡಿವೆಯೆಂದು ತಿಳಿದ ಕೈ ಅದು. ಫೇಸ್ ಸರಿಸುವವನಿಗೂ ಅಂಥ ತಿಳಿವಳಿಕೆಯೇ ಬೇಕು.

ಎರಕದ ಕೆಲಸದಲ್ಲಿ ಇದು ಇನ್ನೂ ಸ್ಪಷ್ಟ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಇರುವ ಜಿಲ್ಲೆಗೆ ಎರಕದ ಪಾಠ ಹೊಸದೇನಲ್ಲ. ಮಷೀನಿಂಗ್ ಮುಗಿದ ಭಾಗದ ಮಾಡೆಲಿನಿಂದ ಎರಕದ ಮಾಡೆಲ್ ತೆಗೆಯಬೇಕು: ಸಣ್ಣ ತೂತುಗಳನ್ನು ಅಳಿಸಿ ಮುಚ್ಚಬೇಕು, ಲೇತಿಗೆ ಹೋಗುವ ಫೇಸ್‌ಗಳಿಗೆ 3 ಮಿ.ಮೀ. ಆಸುಪಾಸು ಮಾಂಸ ಸೇರಿಸಬೇಕು, ಮರಳಿನಿಂದ ಪ್ಯಾಟರ್ನ್ ಎದ್ದು ಬರಲು ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಕೊಡಬೇಕು, ಕೊನೆಗೆ ಕಬ್ಬಿಣ ಕುಗ್ಗುವ ಲೆಕ್ಕಕ್ಕೆ ಇಡೀ ಆಕಾರವನ್ನು ಶೇ. 1ರಷ್ಟು ಹಿಗ್ಗಿಸಬೇಕು. ನಾಲ್ಕೂ ನೇರವಾಗಿ ಆಕಾರದ ಮೇಲೆಯೇ ಮಾಡುವ ಕೆಲಸ. ಇದರಲ್ಲೂ ಶಿಸ್ತಿದೆ: ಫಿಲೆಟ್ ಇರುವಾಗಲೇ ಓರೆ ಕೊಡಲು ಹೋದರೆ ಆಕಾರ ಹರಿಯುತ್ತದೆ. ಮೊದಲು ಫಿಲೆಟ್ ಅಳಿಸಿ, ಓರೆ ಕೊಟ್ಟು, ಆಮೇಲೆ ಮತ್ತೆ ಫಿಲೆಟ್ ಹಾಕಬೇಕು. ಇದನ್ನು ಅಡ್ಡದಾರಿ ಎನ್ನುವವರು ಒಂದು ಪ್ಯಾಟರ್ನನ್ನಾದರೂ ಮರಳಿನಿಂದ ಎತ್ತಿಸಿ ನೋಡಲಿ.

ಭಾನಾಪುರದ 400 ಎಕರೆ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ ಮೋಲ್ಡಿನ ಓರೆ, ಗೋಡೆ, ರಿಬ್ಬಿಗೂ ಇದೇ ವಿದ್ಯೆ ಬೇಕು. ಯಲಬುರ್ಗಾ, ಕುಕನೂರಿನ ಹುಡುಗರು ಅಲ್ಲಿ ಕೆಲಸ ಹಿಡಿಯಬೇಕಾದರೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಟ್ರೀಯಿಲ್ಲದ ಒಂದು ಸ್ಟೆಪ್ ಫೈಲ್ ಕೊಟ್ಟು ತಿದ್ದಿಸಬೇಕು. ಏನು ಸರಿಸಿದೆ, ಯಾವ ಬೇರಿಂಗಿಗಾಗಿ ಸರಿಸಿದೆ ಎಂಬುದನ್ನು ಡ್ರಾಯಿಂಗಿನ ರಿವಿಷನ್ ಪಟ್ಟಿಯಲ್ಲಿ ತಾರೀಖಿನ ಸಮೇತ ಬರೆಸಬೇಕು. ಡೈರೆಕ್ಟ್ ಎಡಿಟಿಂಗ್ ತಾನಾಗಿ ಉಳಿಸಿಕೊಡದ ಸಂಗತಿ ಇದೊಂದೇ, ಅದಕ್ಕೆ ಬೇಕಾದ್ದು ಆ ಪಟ್ಟಿಯ ಒಂದು ಸಾಲು.