ಬಾರಿನ ಮೂಲೆಯ ದತ್ತಿ ಡಬ್ಬ

ನಮ್ಮ ಗಣಪತಿ ಪೆಂಡಾಲುಗಳಲ್ಲಿ, ಕ್ಲಬ್ಬುಗಳಲ್ಲಿ ‘ಹೌಸಿ ಹೌಸಿ’ ಎಂದು ಆಡುವ ಆಟಕ್ಕೆ ಅಮೆರಿಕದಲ್ಲಿ ಬಿಂಗೊ ಎಂದು ಹೆಸರು. ಅಲ್ಲಿ ಅದು ಬೆಳೆದದ್ದು ಚರ್ಚುಗಳ, ಮಾಜಿ ಸೈನಿಕರ ಸಂಘಗಳ ಆಶ್ರಯದಲ್ಲಿ. ಆಡಿದವರಿಗೆ ಒಂದು ಸಂಜೆಯ ಖುಷಿ, ಉಳಿದ ದುಡ್ಡು ಊರ ಕೆಲಸಕ್ಕೆ. ಈ ಹಿನ್ನೆಲೆಯಿಂದಾಗಿಯೇ ಒಂದು ಅಭಿಪ್ರಾಯ ಬೇರುಬಿಟ್ಟಿದೆ: ಸರ್ಕಾರದ ಕಣ್ಗಾವಲಿನಲ್ಲಿ ಧರ್ಮಾರ್ಥ ಬಿಂಗೊವನ್ನು ವಿಸ್ತರಿಸಿದರೆ ಸಂಘಗಳಿಗೂ ಹಣ, ಬೊಕ್ಕಸಕ್ಕೂ ಹಣ, ಜನರ ಮೇಲೆ ಮಾತ್ರ ಹೊಸ ತೆರಿಗೆ ಇಲ್ಲ. ಇದಕ್ಕೆ ಮಿನೆಸೋಟ ರಾಜ್ಯದ ಕಥೆಯನ್ನು ಸಾಕ್ಷಿಗೆ ಕರೆಯುವುದುಂಟು. ಆ ಸಾಕ್ಷಿ ಹೇಳುವುದು ಬೇರೆಯದೇ ಎಂದು ನನಗನ್ನಿಸುತ್ತದೆ.

ಮಿನೆಸೋಟದಲ್ಲಿ ಬಿಂಗೊ 1945ರಲ್ಲೇ ಕಾನೂನುಬದ್ಧವಾಯಿತು. ಆಮೇಲೆ ಅದರ ಜೊತೆಗೆ ಪುಲ್‌ಟ್ಯಾಬ್ ಬಂತು. ಬಾರಿನ ಮೂಲೆಯ ಡಬ್ಬದಿಂದ ಚೀಟಿ ಕೊಂಡು, ಅದರ ಪುಟ್ಟ ರಟ್ಟಿನ ಬಾಗಿಲುಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಬೇಕು. ಒಳಗಿನ ಚಿತ್ರಗಳು ಹೊಂದಿಕೊಂಡರೆ ಬಹುಮಾನ, ಇಲ್ಲವಾದರೆ ಚೀಟಿ ಕಸದ ಬುಟ್ಟಿಗೆ. ಮಕ್ಕಳ ಐಸ್ ಹಾಕಿ ತಂಡಕ್ಕೆ, ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಈ ಡಬ್ಬದಿಂದ ಹಣ ಹೋಗುತ್ತಿತ್ತು. ಇಲ್ಲಿಯವರೆಗಿನ ಕಥೆಗೆ ನನ್ನ ತಕರಾರಿಲ್ಲ.

2012ರಲ್ಲಿ ಮಿನೆಸೋಟ ವೈಕಿಂಗ್ಸ್ ಫುಟ್‌ಬಾಲ್ ತಂಡಕ್ಕೆ ಹೊಸ ಕ್ರೀಡಾಂಗಣ ಬೇಕಾಯಿತು. ರಾಜ್ಯದ ಪಾಲು 34.8 ಕೋಟಿ ಡಾಲರ್. ಅದಕ್ಕೆ ತೆರಿಗೆ ಹಾಕುತ್ತೇವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪುಲ್‌ಟ್ಯಾಬನ್ನೂ ಬಿಂಗೊವನ್ನೂ ಕಾಗದದಿಂದ ಟ್ಯಾಬ್ಲೆಟ್ಟಿಗೆ ತಂದು, ಅನೇಕ ಕಡೆಯ ಆಟಗಾರರನ್ನು ಒಂದೇ ಬಿಂಗೊಗೆ ಜೋಡಿಸಲು ಅನುಮತಿ ಕೊಟ್ಟರು. ಗವರ್ನರ್ ಮಾರ್ಕ್ ಡೇಟನ್ ಆ ಮೇ ತಿಂಗಳಲ್ಲಿ ಸಹಿ ಹಾಕಿದರು. ಖಾಸಗಿ ತಂಡದ ಕ್ರೀಡಾಂಗಣದ ಸಾಲವನ್ನು ದತ್ತಿ ಸಂಸ್ಥೆಗಳ ಆಟ ತೀರಿಸಬೇಕು ಎಂಬುದು ಇದರ ಅರ್ಥ. ಒಳ್ಳೆಯ ಕೆಲಸಕ್ಕೆಂದು ಜನ ಇಟ್ಟಿದ್ದ ನಂಬಿಕೆಯನ್ನು ಹೀಗೆ ಬಳಸಿಕೊಂಡದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಮೊದಲ ವರ್ಷ ಬೊಕ್ಕಸಕ್ಕೆ 3.5 ಕೋಟಿ ಡಾಲರ್ ಬರುತ್ತದೆ ಎಂಬ ಅಂದಾಜಿತ್ತು. 2013ರ ಫೆಬ್ರವರಿಯಲ್ಲಿ ಅದನ್ನು 17 ಲಕ್ಷಕ್ಕೆ ಇಳಿಸಬೇಕಾಯಿತು. ತೂತು ಮುಚ್ಚಲು ಸಿಗರೇಟು ದಾಸ್ತಾನಿನ ಮೇಲೆ ಒಂದು ಬಾರಿಯ ತೆರಿಗೆ ಹಾಕಿದರು, ಕಂಪನಿ ತೆರಿಗೆಯಲ್ಲಿದ್ದ ನುಣುಚುದಾರಿಯೊಂದನ್ನು ಮುಚ್ಚಿದರು. ಆದರೆ ವರ್ಷಗಳು ಕಳೆದಂತೆ ಆಟ ಹಬ್ಬಿತು, ಕೋವಿಡ್ ನಂತರ ಉಕ್ಕಿತು. 2023ರಲ್ಲಿ ಉಳಿದಿದ್ದ ಸಾಲವನ್ನು ರಾಜ್ಯ ಅವಧಿಗೆ ಬಹಳ ಮುಂಚೆಯೇ ತೀರಿಸಿಬಿಟ್ಟಿತು. ಮೊದಲು ಎಡವಿದರೂ ಕೊನೆಗೆ ಯೋಜನೆ ಗೆದ್ದಿತು ಎಂದು ಎಲ್ಲರೂ ಷರಾ ಬರೆದರು.

ಗೆದ್ದದ್ದು ಯಾರು ಎಂದು ನೋಡಲು ನೂರು ಡಾಲರಿನ ಆಟವೊಂದನ್ನು ಬಿಡಿಸಿ ನೋಡಿ. ಹೆಚ್ಚು ಕಡಿಮೆ 85 ಡಾಲರ್ ಬಹುಮಾನವಾಗಿ ಮರಳುತ್ತದೆ. ‘ಜನರ ದುಡ್ಡು ಜನರಿಗೇ ಹೋಯಿತಲ್ಲ’ ಎನ್ನುವವರು, ಗೆದ್ದ ಐದು ಡಾಲರನ್ನು ಜೇಬಿಗಿಳಿಸದೆ ಅಲ್ಲೇ ಇನ್ನೊಂದು ಆಟಕ್ಕೆ ಹಾಕುವ ಕೈಯನ್ನು ಗಮನಿಸಿಲ್ಲ. ನಾಲ್ಕೈದು ಸುತ್ತಿನಲ್ಲಿ ಆ 85ರ ಅರ್ಧಕ್ಕರ್ಧ ಕರಗಿರುತ್ತದೆ. ಇನ್ನು ಉಳಿದ 15. ತೆರಿಗೆ ಬೀಳುವುದು ಈ ಹದಿನೈದರ ಮೇಲೆ, ಖರ್ಚು ಕಳೆಯುವ ಮುಂಚೆ. 2012ರ ಕಾನೂನಿನಲ್ಲಿ ಸಂಸ್ಥೆಯ ವಾರ್ಷಿಕ ನಿವ್ವಳ 1,57,500 ಡಾಲರ್ ದಾಟಿದರೆ ದಾಟಿದ ಭಾಗಕ್ಕೆ ದರ ಶೇ 36. ಅಂದರೆ 5 ಡಾಲರ್ 40 ಸೆಂಟು ರಾಜ್ಯಕ್ಕೆ. ಮಿಕ್ಕ 9 ಡಾಲರ್ 60 ಸೆಂಟಿನಲ್ಲಿ ಯಂತ್ರ ಒದಗಿಸಿದವರ ಪಾಲು, ಬಾರಿನ ಬಾಡಿಗೆ, ನೌಕರರ ಸಂಬಳ, ಲೆಕ್ಕಪತ್ರದ ವೆಚ್ಚ ಹೋಗಬೇಕು. ಹುಡುಗರ ಸ್ಕೇಟುಗಳಿಗೆ ಉಳಿಯುವುದು ಇದೆಲ್ಲ ಆದ ಮೇಲೆ. ಹಳೆಯ ಚರ್ಚ್ ಶೈಲಿಯ ಬಿಂಗೊಗೆ ಅದೇ ರಾಜ್ಯದಲ್ಲಿ ದರ ಶೇ 8.5 ಮಾತ್ರ. ವಿಸ್ತರಿಸಿದ್ದು ಯಾವುದನ್ನು, ಯಾರ ಅಗತ್ಯಕ್ಕೆ ಎಂಬುದನ್ನು ಈ ಎರಡು ದರಗಳೇ ಹೇಳುತ್ತವೆ.

ಸಂಘಗಳಿಗೂ ಮೊದಲಿಗಿಂತ ಹೆಚ್ಚು ಡಾಲರ್ ಬಂದದ್ದು ನಿಜ. ಆಟಕ್ಕೆ ಯಾರನ್ನೂ ಬಲವಂತವಾಗಿ ಕೂರಿಸಿಲ್ಲ ಎಂಬುದೂ ನಿಜ. ಆದರೆ ಬೊಕ್ಕಸಕ್ಕೆ ಬಂದದ್ದೆಲ್ಲ ಹೊಸ ಹಣವಲ್ಲ. ಆಟದಲ್ಲಿ ನೂರು ಡಾಲರ್ ಸೋತವನು ಅದನ್ನೇ ಹೋಟೆಲಿನ ಊಟಕ್ಕೆ ಕೊಟ್ಟಿದ್ದರೆ ರಾಜ್ಯಕ್ಕೆ ಶೇ 6.875 ಮಾರಾಟ ತೆರಿಗೆ ಸಿಗುತ್ತಿತ್ತು, ಅಡುಗೆಯವನಿಗೆ ಕೂಲಿಯೂ. ಲಾಟರಿ ಕೊಂಡಿದ್ದರೂ ರಾಜ್ಯಕ್ಕೆ ಪಾಲಿತ್ತು. ಬಂದದ್ದರಿಂದ ಇದನ್ನು ಕಳೆಯದೆ ಆದಾಯ ಎನ್ನುವುದು ಅರ್ಧ ಲೆಕ್ಕ. ರಾಜ್ಯದ ಹನ್ನೊಂದು ಬುಡಕಟ್ಟು ರಾಷ್ಟ್ರಗಳು ತಮ್ಮ ಶಾಲೆ, ಆಸ್ಪತ್ರೆಗಳಿಗೆ ನೆಚ್ಚಿಕೊಂಡಿರುವುದು ಕ್ಯಾಸಿನೊಗಳ ಹಣವನ್ನು. ಅಲ್ಲಿಂದ ಜಾರಿ ಬಂದದ್ದೂ ಈ ಲೆಕ್ಕಕ್ಕೆ ಸೇರಬೇಕು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಒಂದು ಗುಂಡಿ. ಟ್ಯಾಬ್ಲೆಟ್ಟಿನ ಆಟದಲ್ಲಿ ಸಾಲುಗಳನ್ನು ಒಂದೊಂದಾಗಿ ತೆರೆಯುವ ಬದಲು ಒಂದೇ ಸಲ ಒತ್ತಿ ಎಲ್ಲವನ್ನೂ ತೆರೆಯುವ ಸೌಲಭ್ಯವಿತ್ತು. ಉಗುರಿನಿಂದ ಚೀಟಿ ಎಬ್ಬಿಸುವ ನಿಧಾನ ಹೋಗಿ ಕ್ಯಾಸಿನೊ ಯಂತ್ರದ ವೇಗ ಬಂತು. ಬುಡಕಟ್ಟು ರಾಷ್ಟ್ರಗಳ ಕಡೆಯಿಂದ ಆಕ್ಷೇಪ ಹೋಯಿತು, 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದು ಕಾನೂನಿಗೆ ಹೊಂದುವುದಿಲ್ಲ ಎಂದಿತು. ಶಾಸಕಾಂಗ ಅದನ್ನು ನಿಷೇಧಿಸಿದ್ದು 2023ರಲ್ಲಿ, ಕ್ರೀಡಾಂಗಣದ ಸಾಲ ತೀರಿಸಿದ ವರ್ಷವೇ. ಜಾರಿಗೆ ಬಂದದ್ದು 2025ರ ಜನವರಿ 1ರಂದು. ಆ ಗುಂಡಿ ಒತ್ತಿದಷ್ಟೂ ಬೊಕ್ಕಸ ತುಂಬುತ್ತಿತ್ತು. ಆಟವನ್ನು ಹದ್ದುಬಸ್ತಿನಲ್ಲಿಡಬೇಕಾದ ರಾಜ್ಯಕ್ಕೆ ಆಟದ ವೇಗದಲ್ಲೇ ಲಾಭ ಇದ್ದಾಗ, ‘ನಿಯಂತ್ರಿತ’ ಎಂಬ ಮಾತನ್ನು ನಂಬುವುದು ಹೇಗೆ?

ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ನೆರೆಯ ಕೇರಳ 2011ರಲ್ಲಿ ಬಡ ರೋಗಿಗಳ ಚಿಕಿತ್ಸೆಗೆಂದೇ ಕಾರುಣ್ಯ ಲಾಟರಿ ಶುರು ಮಾಡಿತು. ಹಾಗಾಗಿ ಮಿನೆಸೋಟದ ಮಾತು ನಮಗೆ ದೂರದ್ದಲ್ಲ. ಇಂಥ ಪ್ರಸ್ತಾಪ ಎಲ್ಲಿ ಬಂದರೂ ನಾನು ಕೇಳುವುದು ಇಷ್ಟನ್ನು: ಆದಾಯದ ಅಂದಾಜನ್ನು ಯಂತ್ರ ಮಾರುವವರ ಅಂಕಿಗಳಿಂದ ಕಟ್ಟಬೇಡಿ, ತೆರಿಗೆಯನ್ನು ಸಂಘದ ಖರ್ಚು ಕಳೆದ ಮೇಲೆ ಹಾಕಿ, ದತ್ತಿಯ ಹೆಸರಿನಲ್ಲಿ ಬಂದದ್ದನ್ನು ದತ್ತಿಗೇ ಬಿಡಿ. ಮಿನೆಸೋಟದಲ್ಲಿ ಮೇಲಿನ ದರ 2023ರಲ್ಲಿ ಶೇ 36ರಿಂದ 33.5ಕ್ಕೆ ಇಳಿಯಿತು. ಕ್ರೀಡಾಂಗಣದ ಸಾಲ ಈಗಿಲ್ಲ, ತೆರಿಗೆ ಮಾತ್ರ ಇನ್ನೂ ಖರ್ಚು ಕಳೆಯುವ ಮುಂಚೆಯೇ ಬೀಳುತ್ತಿದೆ.